ಕೆರೆಗೆ ಬಂದ ಸಮುದ್ರದ ಕಾಯಿದೆ

ಸಮುದ್ರ ನೋಡಲು ಹೋದವರು ಶಂಖ ತರುತ್ತಾರೆ, ಕಪ್ಪೆಚಿಪ್ಪು ತರುತ್ತಾರೆ, ಏನೂ ಇಲ್ಲದಿದ್ದರೆ ಬಾಟಲಿಯಲ್ಲಿ ಉಪ್ಪುನೀರನ್ನಾದರೂ ತರುತ್ತಾರೆ. ನಮ್ಮ ಸೋದರಮಾವ ಸಮುದ್ರದ ಕಾಯಿದೆಯನ್ನೇ ಹೊತ್ತು ತಂದರು! ಎಲ್ಲಿಗೆ? ಸಮುದ್ರದ ಗಾಳಿಯೂ ಸುಳಿಯದ ಬಯಲುಸೀಮೆಯ, ಮಂದ್ರೂಪದಾಚೆಯ ನಮ್ಮೂರ ಕೆರೆಗೆ.

ಡಾಲ್ಫಿನ್ ತೋರಿಸುತ್ತೇನೆಂದು ಅವರನ್ನು ಕೊಂಕಣಕ್ಕೆ ಕರೆದೊಯ್ದ ಮಹಾನುಭಾವ ನಾನೇ. ದೋಣಿಯವನು ನೀರಿನ ಮೇಲೆ ತೇಲುವ ಕೆಂಪು ಗುಂಡುಗಳನ್ನು ತೋರಿಸಿದ. ಇದು ಸಾಗರ ಉದ್ಯಾನವಂತೆ. ಗುಂಡುಗಳ ಒಳಗೆ ಯಾರೂ ಬಲೆ ಹಾಕುವಂತಿಲ್ಲ, ಅಲ್ಲಿ ಮೀನು ಮರಿ ಮಾಡುತ್ತವೆ. ಹೊರಗಿನದು ಬೆಸ್ತರ ಪಾಲು. ದಂಡೆಯ ಕಡೆಯದು ನಮ್ಮಂಥ ಪ್ರವಾಸಿಗಳದು. ಒಳಗೆ ಬೆಳೆದ ಮೀನು ಹೊರಗೆ ಬಂದು ಬೆಸ್ತರಿಗೇ ಸಿಗುತ್ತದಂತೆ.

ಇದೆಲ್ಲ ಮಾವ ಆಮೇಲೆ ಹೇಳಿದ್ದು. ಆ ಹೊತ್ತಿಗೆ ನಾನು ದೋಣಿಯ ಅಂಚಿಗೆ ಬಾಗಿ ಬೆಳಗ್ಗೆ ತಿಂದ ಅವಲಕ್ಕಿ ಪೋಹೆಯನ್ನು ನಿಷೇಧಿತ ವಲಯಕ್ಕೆ ಅರ್ಪಿಸುತ್ತಿದ್ದೆ. ಮೀನು ಸಂರಕ್ಷಣೆಗೆ ನಮ್ಮ ಮನೆತನದ ಮೊದಲ ಕಾಣಿಕೆ!

ಮಾವ ತೊಡೆ ತಟ್ಟಿಕೊಂಡರು. “ಅರೇ, ಇದು ನಮ್ಮ ಬೀರೋಬಾನ ಕುರಣ ಅಲ್ಲೇನೋ! ದೇವರ ಹುಲ್ಲಗಾವಲಾಗ ಹುಲ್ಲ ಬಲಿಯೋತನಾ ಕುರಿ ಬಿಡಂಗಿಲ್ಲ. ಹುಲ್ಲಿಗೊಂದ ಕಾಯದೆ, ಮೀನಿಗೊಂದ ಏನ?”

ಕೊರಳಲ್ಲಿ ತುಳಸಿಮಾಲೆ, ಮೀನಿನ ವಾಸನೆಗೆ ಮೂಗು ಮುಚ್ಚುವ ಮನುಷ್ಯ. ಅವರಿಗೆ ಮೀನಿನ ಚಿಂತೆ!

ಊರಿಗೆ ಮರಳಿದ್ದೇ ತಡ, ನವಿ ಪೇಠದ ಅಂಗಡಿಯಿಂದ ಕೆಂಪು ಪ್ಲಾಸ್ಟಿಕ್ ಕೊಡಗಳು ಬಂದವು. ಕೆರೆಯಲ್ಲಿ ಜಾಲಿ ಮರದ ನೆರಳಿನ ಮೂಲೆ, ಆಳವಿಲ್ಲದ ನೀರು, ಮೀನು ಮೊಟ್ಟೆಯಿಡುವ ಜಾಗ, ಅದಕ್ಕೆ ಕೊಡದ ಬೇಲಿ. ಕಟ್ಟುವ ಕೆಲಸ ನನ್ನದು. ಈಜು ಬರದ ನಾನು ಎಮ್ಮೆಯ ಬಾಲ ಹಿಡಿದು ಕಟ್ಟಿದೆ. ನನ್ನ ಗಂಟಿನ ಮಹಿಮೆ ನೋಡಿ: ಬೆಳಗಾಗುವಷ್ಟರಲ್ಲಿ ಕೊಡಗಳು ಬಟ್ಟೆ ಒಗೆಯುವ ಮೆಟ್ಟಿಲಿಗೆ ತೇಲಿ ಬಂದಿದ್ದವು, ಮಧ್ಯಾಹ್ನಕ್ಕೆ ನಿಷೇಧಿತ ವಲಯ ಊರ ಹೆಂಗಸರ ಅಡುಗೆಮನೆ ಸೇರಿತ್ತು!

ಮಾವ ಮತ್ತೆ ಕೊಡ ತಂದು ಗಂಟು ತಾವೇ ಹಾಕಿದರು. ಆಗ ಬಂದಳು, ಅದೇ ಮೂಲೆಯಲ್ಲಿ ಬಲೆ ಹಾಕಿ ಸಂತೆಯಲ್ಲಿ ಮೀನು ಮಾರುವ ಮುದುಕಿ, ಊರಿಗೆಲ್ಲ ಆಯಿ.

“ಏ ಮಾಲಕ, ಸಮುದ್ರ ನೋಡಿ ಬಂದಿ ಅಂತ ನನ್ನ ಹೊಟ್ಟಿ ಮ್ಯಾಲ ಹೊಡೀತಿ ಏನ?”

“ಆಯಿ, ಮೀನ ಬೆಳೀಲಿ. ಬೆಳೆದ ಮ್ಯಾಲ ನಿನ್ನ ಬಲಿಗೇ ಬರ್ತಾವ.”

“ಅಲ್ಲೀತನಾ ನಾ ಏನ ತಿನ್ನಲಿ? ನಿನ್ನ ಕೊಡಾ?”

ನಾನು ಕಿಸಕ್ಕನೆ ನಕ್ಕೆ. ಮಾವ ನಗಲಿಲ್ಲ.

“ಆಳ ನೀರಾಗ ಇಳ್ಯಾಕ ನನ್ನ ಕೈಲೆ ಆಗಂಗಿಲ್ಲಪಾ,” ಎಂದಳು ಆಯಿ, ಈ ಸಲ ಮೆಲ್ಲಗೆ.

ಮರುದಿನ ನೋಡಿದರೆ ಕೊಡಗಳು ಎದುರು ದಂಡೆಗೆ ಹೋಗಿದ್ದವು. ಈ ಸಲ ತೇಲಿಕೊಂಡಲ್ಲ, ಮಾವನ ಕೈಯಿಂದ! ಅಲ್ಲೂ ನೀರಿಗೆ ಆಳವಿಲ್ಲ, ಅಲ್ಲೂ ಮೀನು ಮೊಟ್ಟೆ ಇಡುತ್ತವೆ. ಆದರೆ ಅದು ಅಜ್ಜನ ಕಾಲದಿಂದ ನಮ್ಮ ಕುರಿಗಳು ನೀರು ಕುಡಿದ ಜಾಗ. ಕುರಿ ಇಳಿದು ಮೊಟ್ಟೆ ತುಳಿಯಬಾರದಲ್ಲ, ಈಗ ಹಿಂಡನ್ನು ಇಡೀ ಕೆರೆ ಸುತ್ತಿಸಿ ಆಚೆ ತುದಿಗೆ ಒಯ್ಯಬೇಕು.

“ಮಾವಾ, ನಿಮ್ಮ ಮಣಕಾಲ?”

“ಕುರಿಗೆ ಕಾಲ ನಾಕ ಅದಾವ. ನನಗ ನೀ ಇದ್ದೀ. ನಡಿ ಶಾಣ್ಯಾ.”

ಶಾಣ್ಯಾ, ಅಂದರೆ ನಾನೆಂಬ ಜಾಣ, ನಡೆದ. ಅರ್ಧ ದಾರಿಗೆ ಕುರಿಗಳು ಮುಂದೆ, ಚಪ್ಪಲಿ ಹರಿದುಕೊಂಡು ನಾನು ಹಿಂದೆ, ನನಗಿಂತ ಹಿಂದೆ ಮೊಣಕಾಲು ಒತ್ತಿಕೊಳ್ಳುತ್ತ ಮಾವ. ಜಾಲಿ ಮರದ ಹತ್ತಿರ ಬಂದಾಗ ಆಯಿ ನಮ್ಮನ್ನು ನೋಡಿದಳು. ಬೈಗುಳಕ್ಕೆ ನಾನು ತಲೆ ತಗ್ಗಿಸಿಕೊಂಡೆ.

ಅವಳು ಎದ್ದು, ಆಗಷ್ಟೇ ಹಾಕಿದ್ದ ಬಲೆಯನ್ನು ನೀರಿನಿಂದ ಎಳೆದು ದಂಡೆಗೆ ಹಾಕಿದಳು.

“ಕುರಿಗೆ ಇಲ್ಲೇ ನೀರ ಕುಡಸ ಮಾಲಕ. ನಾ ಆಮ್ಯಾಲ ಹಾಕ್ತೀನಿ.”