ಮಿಸ್ಡ್ ಕಾಲಿನ ಪೇಟೆಂಟು

ನ್ಯಾಮತಿಯ ಹಿಟ್ಟಿನ ಗಿರಣಿ ಮುರುಗೇಶಪ್ಪ ಮನೆಯ ವೈಫೈ ಪಾಸ್‌ವರ್ಡ್ ಬದಲಾಯಿಸಿದ್ದು ಬೆಳಿಗ್ಗೆ ಏಳಕ್ಕೆ. ಹತ್ತಕ್ಕೆಲ್ಲ ಅದು ತಲೆಯಿಂದ ಹಾರಿಹೋಗಿತ್ತು.

ಪಾಪ, ಅವನನ್ನು ಬೈದು ಪ್ರಯೋಜನವಿಲ್ಲ. ಮನೆದೇವರ ಹೆಸರು, ಮೊದಲ ಬೈಕಿನ ನಂಬರು, ಮದುವೆಯ ತಾರೀಕು ಎಲ್ಲವನ್ನೂ ಹಿಂದುಮುಂದು ಮಾಡಿ ಇಪ್ಪತ್ತಮೂರು ಅಕ್ಷರ ಕಟ್ಟಿದರೆ ಯಾರಿಗೆ ನೆನಪಿರುತ್ತದೆ? ಅದಕ್ಕೇ ಒಂದು ಚೀಟಿಯಲ್ಲಿ ಬರೆದು ಅಂಗಿ ಜೇಬಿಗೆ ಹಾಕಿಕೊಂಡಿದ್ದ. ಈಗ ಜೇಬಿನಲ್ಲಿ ಚೀಟಿಯೇನೋ ಇತ್ತು. ಅದರಲ್ಲಿ ಬರೆದದ್ದು ಮಾತ್ರ, 'ಸಾವಂತ್ರಮ್ಮ, ರಾಗಿ, ಸಣ್ಣಗೆ'.

ಗಿರಣಿಗೆ ಬರುವವರು ಡಬ್ಬಿಯಲ್ಲಿ ಕಾಳಿನ ಮೇಲೆ ಹೆಸರಿನ ಚೀಟಿ ಇಟ್ಟು ಹೋಗುತ್ತಾರೆ. ಬೀಸುವ ಮುಂಚೆ ಅವನು ಚೀಟಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ, ಬೀಸಿದ ಮೇಲೆ ಹಿಟ್ಟಿನ ಮೇಲೆ ಇಟ್ಟು ಮುಚ್ಚಳ ಹಾಕುತ್ತಾನೆ. ಮೂವತ್ತು ವರ್ಷದಿಂದ ಕೈ ತಾನಾಗಿಯೇ ಮಾಡುವ ಕೆಲಸ. ಇವತ್ತು ಕೈ ಬೇರೆ ಚೀಟಿ ಇಟ್ಟು ಕಳಿಸಿತ್ತು.

"ಶಾಂತಲಾ! ಸಾವಂತ್ರಮ್ಮ ಡಬ್ಬಿ ತಗೊಂಡು ಹೋದ್ಲಾ?"

"ಎಂಟೂವರೆ ಬಸ್ಸಿಗೇ ಹೋದ್ಲು ಕಣ್ರೀ. ಹೊನ್ನಾಳಿಗೆ, ಮಗಳ ಮನಿಗೆ," ಎಂದಳು ಹೆಂಡತಿ.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಯುರೋಪಿನಲ್ಲಿ ಮುರುಗೇಶಪ್ಪನ ಸಾಕ್ಷಿ ಇತ್ತು.

ವಿಷಯ ಹೀಗಿದೆ. 2009ರಲ್ಲಿ, ಜನ ಗಿರಣಿಯ ಮುಂದೆ ಕೂತು ಜಗಳವಾಡುವುದನ್ನು ನೋಡಲಾರದೆ, ಮುರುಗೇಶಪ್ಪ ತಾನೇ ಪುಸ್ತಕ ನೋಡಿ ಕಲಿತು ಒಂದು ಪ್ರೋಗ್ರಾಂ ಬರೆದಿದ್ದ. ಡಬ್ಬಿ ಇಟ್ಟವರು ಗಿರಣಿಯ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟು ಹೋದರೆ ಸಾಕು, ಕಂಪ್ಯೂಟರೇ ಪಾಳಿ ಹಚ್ಚಿ, ವೇಳೆ ನೋಡಿ, ತಿರುಗಿ ಮಿಸ್ಡ್ ಕಾಲ್ ಕೊಡುತ್ತಿತ್ತು. ಫೋನು ಒಂದು ಸಲ ಹೊಡೆದು ನಿಂತರೆ 'ಇನ್ನೂ ನಿಮ್ಮ ಪಾಳಿ ಬಂದಿಲ್ಲ'. ಎರಡು ಸಲ ಹೊಡೆದರೆ 'ಹಿಟ್ಟಾಗಿದೆ, ಬನ್ನಿ'. ಯಾರೂ ಫೋನ್ ಎತ್ತುವ ಹಾಗಿಲ್ಲ, ಯಾರಿಗೂ ಖರ್ಚಿಲ್ಲ. ಮುರುಗೇಶಪ್ಪ ಇದನ್ನು ಯಾರಿಗೂ ತೋರಿಸಲಿಲ್ಲ. ಕದ್ದುಬಿಡುತ್ತಾರೆ ಎಂಬ ಹೆದರಿಕೆ. ಕಂಪ್ಯೂಟರಿಗೆ ಟವೆಲ್ ಹೊದಿಸಿ, ತಾನೇ ಕೂತು ರಿಂಗ್ ಕೊಡುತ್ತಿದ್ದೇನೆಂದು ಊರನ್ನು ನಂಬಿಸಿದ್ದ.

ಹೋದ ತಿಂಗಳು ಫೋನಿನಲ್ಲಿ ಸುದ್ದಿ ನೋಡುತ್ತ ಕೂತಿದ್ದವನಿಗೆ ಮೈ ಉರಿದುಹೋಯಿತು. ಯುರೋಪಿನ ಯಾವುದೋ ಕಂಪನಿ 'ಕರೆ ಎತ್ತದೆಯೇ ಸರದಿ ತಿಳಿಸುವ ತಂತ್ರಾಂಶ' ತನ್ನ ಹೊಸ ಶೋಧನೆ ಎಂದು ಪೇಟೆಂಟ್ ಕೇಳಿತ್ತು. ಕಂಪ್ಯೂಟರಿನ ಲೆಕ್ಕಾಚಾರಕ್ಕೆಲ್ಲ ಒಡೆಯರನ್ನು ಮಾಡಬಾರದು ಎಂದು ಅಲ್ಲಿಯ ಸಂಘವೊಂದು ಅಡ್ಡ ನಿಂತಿತ್ತು. ಇದನ್ನು ತಾನು 2009ರಲ್ಲೇ ಮಾಡಿದ್ದೇನೆಂದು ಮುರುಗೇಶಪ್ಪ ಆ ಸಂಘಕ್ಕೆ ಪತ್ರ ಬರೆದ. ಎಂಟೇ ದಿನಕ್ಕೆ ಸಂಘದ ಕಡೆಯಿಂದ ಯಶೋಧರಾ ಎಂಬಾಕೆ ಫೋನ್ ಮಾಡಿದಳು. ಮೂಲ ದಾವಣಗೆರೆಯವಳು, ಅಲ್ಲಿಯ ವಕೀಲರ ಜೊತೆ ಕೆಲಸ.

"ನಿಮ್ಮ ಸಾಕ್ಷಿ ಗಟ್ಟಿಯಾದ್ರೆ ಪೇಟೆಂಟ್ ಬಿದ್ದು ಹೋಗ್ತೈತೆ ಸಾರ್. ತೀರ್ಪಿನಾಗೆ ಹೆಸರು ಅಚ್ಚಾಗ್ತೈತೆ. ಮನಿಯಿಂದ್ಲೇ ವಿಡಿಯೋದಾಗೆ ಮಾತಾಡಿದ್ರೆ ಸಾಕು. ನೆಟ್ ಹೆಂಗೈತೆ ನಿಮ್ ಕಡೆ? ಇಲ್ಲಿ ನಮ್ ಬೀದಿಯಾಗೆ ಮನಿ ಮನಿಗೂ ಹೈಸ್ಪೀಡು. ಹೋಟ್ಲಿನ ಒಂದು ಊಟದ ರೊಕ್ಕಕ್ಕೆ ತಿಂಗಳಿಡೀ ಬರ್ತೈತೆ."

"ನಮ್ದು ಅದಕ್ಕಿಂತ ಜೋರೈತಮ್ಮ," ಎಂದಿದ್ದ ಮುರುಗೇಶಪ್ಪ. ದೇಶದ ಮಾನದ ಪ್ರಶ್ನೆ.

ಅಚ್ಚಾದ ಹೆಸರು! 'ಹಿಟ್ಟಿನ ಮುರುಗೇಶಿ' ಎಂದೇ ಕರೆಸಿಕೊಂಡು ಕೂದಲು ಬೆಳ್ಳಗಾದ ಮನುಷ್ಯನಿಗೆ ಅದೊಂದು ಆಸೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಾಲ್ಕು ಗಂಟೆ ತಪ್ಪಿದರೆ ಇನ್ನೊಂದು ದಿನ ಕೊಡುವುದಿಲ್ಲವೆಂದೂ ಯಶೋಧರಾ ಹೇಳಿದ್ದಳು. ಹಾಗಾಗಿಯೇ ಪಾಸ್‌ವರ್ಡ್ ಬದಲಾದದ್ದು. ಪಕ್ಕದ ಮನೆಯ ಪ್ರೇಮಮ್ಮ ಎರಡು ವರ್ಷದಿಂದ ಇವನ ವೈಫೈನಲ್ಲೇ ಧಾರಾವಾಹಿ ನೋಡುತ್ತಿದ್ದಳು. ವಿಚಾರಣೆಯ ಹೊತ್ತಿಗೆ ಅವಳ ಅತ್ತೆ-ಸೊಸೆ ಜಗಳ ಅಡ್ಡ ಬರುವುದು ಬೇಡವಾಗಿತ್ತು.

ಪ್ರೇಮಮ್ಮ ಹಿಂದೆ ಟೈಪಿಂಗ್ ಕ್ಲಾಸ್ ನಡೆಸಿದವಳು. ಮಹಡಿಯಲ್ಲಿ ಸಂಡಿಗೆ ಒಣಹಾಕಿ, ಕಾಗೆ ಬರದಂತೆ ಹಳೇ ಸೀಡಿಯೊಂದನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟು, ಅಲ್ಲಿಂದಲೇ ಕೆಳಗೆ ಬಗ್ಗಿದಳು.

"ಮುರುಗೇಶಣ್ಣಾ, ಬೆಳಗ್ಗಿಂದ ನಮ್ ನೆಟ್ ಹೋಗೈತಲ್ರೀ. ಸ್ವಲ್ಪ ನೋಡ್ರಿ."

'ನಮ್ ನೆಟ್' ಕೇಳಿ ಮುರುಗೇಶಪ್ಪನಿಗೆ ಪಿತ್ತ ನೆತ್ತಿಗೇರಿತು. "ಹೊಸ ಕನೆಕ್ಷನ್ ಹಾಕಿಸ್ಕೊಳ್ರಿ ಅಕ್ಕಾ," ಎಂದು ಒಳಗೆ ಹೋದ.

ಒಳಗೆ ಶಾಂತಲಾ ವೈಫೈ ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ನಿಂತಿದ್ದಳು. "ಹಿಂಗೆ ಒತ್ತಿದ್ರೆ ಸರಿ ಹೋಗ್ತೈತೆ ಅಂತ ಯಾರೋ ಅಂದಿದ್ರು ಕಣ್ರೀ."

ಪೆಟ್ಟಿಗೆಯ ದೀಪಗಳೆಲ್ಲ ಆರಿ, ಒಂದೇ ಒಂದು ಕೆಂಪಗೆ ಹತ್ತಿಕೊಂಡಿತು. ಮುರುಗೇಶಪ್ಪ ಕೇಬಲಿನ ಮೈಲಾರಿಗೆ ಫೋನ್ ಮಾಡಿದ. ಹನ್ನೊಂದನೆಯ ಸಲಕ್ಕೆ ಅವನು ಎತ್ತಿದ. ಅಷ್ಟೊತ್ತಿಗೆ ಮಧ್ಯಾಹ್ನ ಒಂದಾಗಿತ್ತು.

"ಚನ್ನಗಿರಿಯಾಗೆ ಕಂಬದ ಮ್ಯಾಲೆ ಅದೀನಿ ಸಾರ್. ಪಿನ್ ಮಾತ್ರ ಚುಚ್ಚಬ್ಯಾಡ್ರಿ! ಚುಚ್ಚಿದ್ರೆ ಎಲ್ಲಾ ಅಳಿಸಿ ಹೋಗ್ತೈತೆ, ನಾನೇ ಬಂದು ಕೂಡಿಸ್ಬೇಕು."

"ಚುಚ್ಚಿ ಆತಪ್ಪ."

"ಹಂಗಾದ್ರೆ ನಾಳೆ ಬರ್ತೀನಿ ಸಾರ್."

ಇನ್ನು ಪಾಸ್‌ವರ್ಡ್ ಸಿಕ್ಕಿಯೂ ಪ್ರಯೋಜನವಿರಲಿಲ್ಲ. ಆದರೆ ಗಾಬರಿಯಾದ ಮನುಷ್ಯನಿಗೆ ಅಷ್ಟೆಲ್ಲ ಹೊಳೆಯುವುದಿಲ್ಲ. ಚೀಟಿ ಸಿಕ್ಕರೆ ಎಲ್ಲ ಸರಿಹೋಗುತ್ತದೆಂದು ಬೈಕ್ ಹತ್ತಿ ಹೊನ್ನಾಳಿಗೆ ಹೊರಟೇಬಿಟ್ಟ.

ಸಾವಂತ್ರಮ್ಮ ಮಗಳ ಮನೆಯ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದಳು. "ಚೀಟಿನಾ? ಏನೋ ಇಂಗ್ಲೀಷ್‌ನಾಗೆ ಇತ್ತಪ್ಪ. ಕರೆಂಟ್ ಬಿಲ್ಲು ಅನ್ಕಂಡು ನೀರೊಲಿಗೆ ಹಾಕ್ದೆ. ಕುಂದ್ರು, ನಿನ್ ಗಿರಣಿ ಹಿಟ್ಟಿಂದೇ ಮುದ್ದಿ ಮಾಡೀವಿ, ಉಣ್ಣು."

ಅವನು ನಿಂತ ಕಾಲಲ್ಲೇ ಸಂಗತಿ ಹೇಳಿದ. ಮುದುಕಿ ಎಲೆ ಜಗಿಯುವುದನ್ನೇ ನಿಲ್ಲಿಸಿದಳು. "ಮಿಸ್ಡ್ ಕಾಲಿಗೂ ಮಾಲೀಕ್ರಾ? ನಾಳೆ ಕೆಮ್ಮಾಕೂ ಅವ್ರ ಅಪ್ಪಣೆ ಬೇಕು ಅಂತಾರೇನೋ! ಬಿಡಬ್ಯಾಡ ಅವ್ರನ್ನ. ಉಂಡು ಹೋಗು, ಶಕ್ತಿ ಬರ್ತೈತೆ."

ಉಣ್ಣದೆ ಬಿಡಲಿಲ್ಲ. ಎರಡು ಮುದ್ದೆ ನುಂಗಿ ನ್ಯಾಮತಿ ಮುಟ್ಟಿದಾಗ ಮೂರೂಮುಕ್ಕಾಲು. ಫೋನಿನ ನೆಟ್ಟಿನಲ್ಲೇ ಆಗಲಿ ಎಂದು ನೋಡಿದರೆ, ಗಿರಣಿಯ ತಗಡಿನ ಸೂರಿನ ಕೆಳಗೆ ಸಿಗ್ನಲ್ ಸುಳಿಯಲೇ ಇಲ್ಲ. ಬೀದಿಗೆ ಬಂದರೆ ಯಶೋಧರಾಳ ಮುಖ ಅರ್ಧ ಮೂಡಿ ಹಾಗೇ ನಿಂತಿತು. ಮುರುಗೇಶಪ್ಪನಿಗೆ ನಿಜವಾಗಿಯೂ ಅಳು ಬಂತು.

"ಮುರುಗೇಶಣ್ಣಾ," ಮೇಲಿಂದ ಪ್ರೇಮಮ್ಮನ ದನಿ. "ನಮ್ ಮನಿಗೆ ಬರ್ರಿ. ನೀವಂದ್ರಿ ಅಂತ ಹತ್ತೂವರೆಗೇ ಮೈಲಾರೀನ ಕರ್ಸಿ ಹೊಸಾ ಕನೆಕ್ಷನ್ ಹಾಕಿಸ್ದೆ. ಹಾರಾಡ್ತೈತೆ!"

ನಾಚಿಕೆಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಒಳಗೆ ಹೋದ. "ಪಾಸ್‌ವರ್ಡು ಅಕ್ಕಾ?"

"ಒಂದರಿಂದ ಎಂಟು. ನಿಮ್ದೇ ಹಳೇದು. ಬಾಯಿಗೆ ರೂಢಿ ಆಗೈತೆ ನೋಡ್ರಿ."

ನಾಲ್ಕಕ್ಕೆ ಸರಿಯಾಗಿ ಪರದೆಯ ಮೇಲೆ ತೀರ್ಪು ಕೊಡುವ ಮೂವರು ಗಂಭೀರ ದೊರೆಗಳೂ ಪಕ್ಕದಲ್ಲಿ ಯಶೋಧರಾಳೂ ಮೂಡಿದರು. ಚಿತ್ರ ಕನ್ನಡಿಯಂತಿತ್ತು. ಮುರುಗೇಶಪ್ಪ ಪ್ರೋಗ್ರಾಮಿನ ಕಥೆಯನ್ನು ಸೊಗಸಾಗಿ ಹೇಳಿದ. ಅವಳು ಇಂಗ್ಲಿಷ್‌ಗೆ ತಿರುಗಿಸಿದಳು. ದೊರೆಗಳು ತಲೆದೂಗಿದರು.

"ಕೊನೇ ಪ್ರಶ್ನೆ ಸಾರ್. ನಿಮ್ಮ ಪ್ರೋಗ್ರಾಂ ಆಗ ಯಾರ್ಯಾರು ನೋಡಿದ್ರು?"

ಮುರುಗೇಶಪ್ಪ ಎದೆ ಉಬ್ಬಿಸಿದ. "ಒಬ್ರೂ ಇಲ್ಲ! ಕಟ್ಕೊಂಡ ಹೆಂಡ್ತಿಗೂ ತೋರಿಸಿಲ್ಲ. ಹದಿನೈದು ವರ್ಷದ ಮ್ಯಾಲಾತು, ಗುಟ್ಟು ಬಿಟ್ಟಿಲ್ಲ."

ಯಶೋಧರಾಳ ಮುಖ ಕಪ್ಪಿಟ್ಟಿತು. "ಸಾರ್... ಗುಟ್ಟಾಗಿ ಇಟ್ಟಿದ್ದು ಲೆಕ್ಕಕ್ಕೆ ಬರಲ್ಲ. ನಾಕು ಜನಕ್ಕೆ ಮೊದ್ಲೇ ಗೊತ್ತಿತ್ತು ಅಂದ್ರೆ ಮಾತ್ರ ಕಂಪನಿ ಸೋಲ್ತೈತೆ."

ಆಗ ಮುರುಗೇಶಪ್ಪನ ಹೆಗಲ ಮೇಲಿಂದ ಪ್ರೇಮಮ್ಮ ಕ್ಯಾಮೆರಾಗೆ ಇಣುಕಿದಳು.

"ಏನ್ ಗುಟ್ಟು ಬಿಡ್ರಿ! ನೀವು ಊಟಕ್ಕೆ ಹೋದಾಗ ಟವೆಲ್ ತೆಗ್ದು ನಾನೇ ಕಾಪಿ ಹೊಡ್ಕಂಡಿದ್ದೆ. ಕಂಪ್ಯೂಟರಿಂದೂ ಅದೇ ಒಂದರಿಂದ ಎಂಟು ಪಾಸ್‌ವರ್ಡ್, ಇಡೀ ನ್ಯಾಮತಿಗೆ ಗೊತ್ತಿತ್ತು. ಬಿಳಿಚೋಡಿನಾಗೆ ನನ್ ತಮ್ಮ ಪ್ರವೀಣ್ ಕುಮಾರನ ಗಿರಣಿಯಾಗೆ ಇವತ್ತಿಗೂ ಅದೇ ಓಡ್ತೈತೆ. ಬಸವಾಪಟ್ಟಣದೋರೂ ಇಸ್ಕೊಂಡ್ರು. ಟೈಪಿಂಗ್ ಕ್ಲಾಸಿನ ಹುಡುಗೀರಿಗೆ ಪಾಠನೇ ಮಾಡೀನಿ. ತಡೀರಿ, ಸೀಡಿ ಐತೆ!"

ಮಹಡಿಗೆ ಓಡಿ, ಕಾಗೆ ಓಡಿಸುವ ಸೀಡಿಯನ್ನು ದಾರದ ಸಮೇತ ಕಿತ್ತು ತಂದು ಹಿಡಿದಳು. ಮೇಲೆ ಮಾರ್ಕರಿನಲ್ಲಿ, 'ಪ್ರೇಮಮ್ಮ, ನ್ಯಾಮತಿ, ಗಿರಣಿ ಪಾಳಿ, 12-3-2010'. ದೊರೆಗಳು ಕುರ್ಚಿಯಿಂದ ಎದ್ದು ಬಗ್ಗಿ ನೋಡಿದರು. ಅಲ್ಲಿಂದಲೇ ಬಿಳಿಚೋಡಿಗೆ ವಿಡಿಯೋ ಹೋಯಿತು, ಪ್ರವೀಣ್ ಕುಮಾರ ಮೈಯೆಲ್ಲ ಹಿಟ್ಟಾಗಿ ನಿಂತು ಪ್ರೋಗ್ರಾಂ ಓಡಿಸಿ ತೋರಿಸಿದ.

ಕಾಲು ಗಂಟೆಯಲ್ಲಿ ಯಶೋಧರಾ ಕುಣಿದಾಡುವ ದನಿಯಲ್ಲಿ ಓದಿದಳು. "ಪೇಟೆಂಟ್ ಬಿತ್ತು! ನ್ಯಾಮತಿಯ ಶ್ರೀಮತಿ ಪ್ರೇಮಮ್ಮ 2010ರಲ್ಲೇ ಬಹಿರಂಗವಾಗಿ ಹಂಚಿದ್ದರಿಂದ, ಅಂತ ಬರೆದಾರೆ. ಇಲ್ಲಿ ಸಂಘದ ಸಮ್ಮೇಳನಕ್ಕೂ ಕರೀತಾರಂತೆ ಅಮ್ಮಾ!"

"ನನ್ ಹೆಸರು?" ಎಂದ ಮುರುಗೇಶಪ್ಪ.

"ಸಾರ್, ಕಾನೂನಿಗೆ ಬರೆದೋರು ಮುಖ್ಯ ಅಲ್ಲ, ಹಂಚಿದೋರು ಮುಖ್ಯ."

ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತ ಅವನು ತಿರುಗಿ ನಿಂತ. "ಅಕ್ಕಾ, ಒಂದ್ ಮೂಲ್ಯಾಗಾದ್ರೂ ನನ್ ಹೆಸರು ಹಾಕ್ತಾರೇನು, ಕೇಳ್ರಿ ಅವ್ರನ್ನ."

"ಅದಕ್ಕೇನಂತೆ, ಈಗ್ಲೇ ಕೇಳ್ತೀನಿ. ಉತ್ತರ ಬಂದ ಕೂಡ್ಲೇ ಮಿಸ್ಡ್ ಕಾಲ್ ಕೊಡ್ತೀನಿ ಬಿಡ್ರಿ," ಎಂದಳು ಪ್ರೇಮಮ್ಮ.

ದೀಪ ಹಚ್ಚುವ ಹೊತ್ತಿಗೆ ಫೋನು ಹೊಡೆಯಿತು. ಪ್ರೇಮಮ್ಮನ ನಂಬರು. ಒಂದು ಸಲ ಹೊಡೆದು ನಿಂತಿತು. ಮುರುಗೇಶಪ್ಪ ಫೋನನ್ನು ಅಂಗೈಯಲ್ಲಿ ಹಿಡಿದು ಇನ್ನೊಂದು ಸಲ ಹೊಡೆದೀತೆಂದು ಕಾಯುತ್ತ ಕೂತ. ಐದು ನಿಮಿಷವಾಯಿತು, ಹತ್ತಾಯಿತು.

"ಎಷ್ಟು ಸಲ ಹೊಡೀತ್ರೀ?" ಒಳಗಿನಿಂದ ಶಾಂತಲಾ ಕೇಳಿದಳು.

"ಒಂದು."

"ಹಂಗಾದ್ರೆ ಇನ್ನೂ ನಿಮ್ಮ ಪಾಳಿ ಬಂದಿಲ್ಲ. ಮುದ್ದಿ ಆರ್ತೈತೆ, ಬರ್ರಿ."