ಕಡಲ ದಂಡೆಯಲ್ಲಿ ತೆಂಗಿನ ಪಾತಿ

ಕಡಲ ದಂಡೆಯಲ್ಲಿ ನಾಲ್ಕಾರು ಟೆಂಟು ಹಾಕಿಕೊಂಡು ಕೂತವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೇಸಿಗೆ ರಜೆ ಬಂತೆಂದರೆ ಅದೇ ಬಸ್ಸಿಳಿದು, ಬ್ಯಾಗು ಹೊತ್ತುಕೊಂಡು ನಮ್ಮ ಗೇಟಿಗೆ ಬರುತ್ತದೆ.

ನಾನು ಹುಟ್ಟಿದ್ದು ತುರುವೇಕೆರೆ ಪಕ್ಕದ ಹಳ್ಳಿಯಲ್ಲಿ. ಮದುವೆಯಾಗಿ ಕುಮಟೆ ಕಡೆಯ ಈ ಊರಿಗೆ ಬಂದವಳು ಇಲ್ಲೇ ಮುದುಕಿಯಾದೆ. ಮಗ, ಸೊಸೆ ಮನೆ ಮುಂದಿನ ತೆಂಗಿನಮರಗಳ ಕೆಳಗೆ ಟೆಂಟು ಹಾಕಿ ರಜೆಗೆ ಬಂದವರನ್ನು ಇಳಿಸಿಕೊಳ್ಳುತ್ತಾರೆ. ಅಡುಗೆಮನೆ ನನ್ನದು. ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಬರುವವರಲ್ಲಿ ಅರ್ಧ ನಮ್ಮ ಕಡೆಯವರೇ.

ಉಳಿಯದವನು ನನ್ನ ಅಣ್ಣ ಒಬ್ಬನೇ. "ಉಪ್ಪುನೀರಿನ ಊರಲ್ಲಿ ನಾನು ಒಂದು ರಾತ್ರಿನೂ ಮಲಗೋನಲ್ಲ" ಎಂದು ನನ್ನ ಮದುವೆಯಲ್ಲಿ ಆಡಿದ ಮಾತನ್ನು ಹಿಡಿದುಕೊಂಡೇ ಇದ್ದ. ಬೆಳಗ್ಗೆ ಬಂದರೆ ಸಂಜೆ ಬಸ್ಸಿಗೆ ವಾಪಸ್. ಒಂದು ರಾತ್ರಿ ನಮ್ಮಲ್ಲಿ ಉಂಡು ಮಲಗಲಿ ಎನ್ನುವುದು ನನ್ನ ಆಸೆ.

ಬೀಗ

ಅಣ್ಣನಿಗೆ ಪರಿಚಯವಿದ್ದ ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿಯೊಡನೆ ಬಂದರು. ಇವರ ಬಾಯಿಂದಲೇ ಅಣ್ಣನಿಗೆ ನಮ್ಮ ಜಾಗದ ಬಗ್ಗೆ ಒಳ್ಳೆ ಮಾತು ಹೇಳಿಸಬೇಕೆಂದು ನಾನು ಕಾಫಿಗೆ ಡಿಕಾಕ್ಷನ್ ಜಾಸ್ತಿಯೇ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ ಮೇಷ್ಟ್ರು ಟೆಂಟಿನ ಮುಂದೆ ಮರಳು ಕೆದಕುತ್ತಿದ್ದರು. "ಏನು ಮೇಷ್ಟ್ರೇ?" ಎಂದೆ.

"ಕೀ ಬಿದ್ದೋಯ್ತು ಕಣಮ್ಮ. ನೋಡಿ, ಬೀಗ ಹಾಕಿದ್ದೆ."

ನೋಡಿದರೆ, ಟೆಂಟಿನ ಬಾಗಿಲಿನ ಜಿಪ್ಪಿಗೆ ತೆಂಗಿನಕಾಯಿ ಗಾತ್ರದ ಬೀಗ!

"ಬಟ್ಟೆ ಟೆಂಟಿಗೆ ಬೀಗ ಯಾಕೆ?"

"ನಮ್ಮನೆಯವರು ಒಳಗೆ ಮಲಗವ್ರೆ. ಒಬ್ಬರನ್ನೇ ಬುಟ್ಟು ಈಜೋಕೆ ಹೆಂಗೆ ಹೋಗ್ಲಿ?"

ಗಾಬರಿಯಾಗಿ ಮಗನನ್ನು ಕರೆಯಲು ಓಡಿದೆ. ಅಡುಗೆಮನೆ ಕಟ್ಟೆಯ ಮೇಲೆ ಮೇಷ್ಟ್ರ ಹೆಂಡತಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಟೆಂಟಿನ ಹಿಂದಿನ ಬಟ್ಟೆ ಎತ್ತಿ ಆಗಲೇ ನುಸುಳಿ ಬಂದಿದ್ದರಂತೆ.

"ಮೇಷ್ಟ್ರು ಹುಡುಕ್ತಾ ಇದಾರಲ್ಲ, ಹೇಳಿ ಬರ್ಲಾ?" ಎಂದೆ.

"ಅಯ್ಯೋ, ಸುಮ್ಕಿರ್ರೀ. ಕಾಫಿ ಕುಡಿಯೋವರೆಗಾದ್ರೂ ಹುಡುಕ್ಲಿ."

ಕಾಯಿ ಚೀಲ

ಆಮೇಲೆ ಬಂದದ್ದು ನಮ್ಮ ಹಳ್ಳಿಯದೇ ಒಂದು ಸಂಸಾರ. ಬಸ್ಸಿನಿಂದ ಮೊದಲು ಇಳಿದದ್ದು ಮನುಷ್ಯರಲ್ಲ, ಒಂದು ಮೂಟೆ ತೆಂಗಿನಕಾಯಿ.

"ಇಲ್ಲಿ ಕಾಯಿ ಹೆಂಗಿರ್ತವೋ ಏನೋ ಅಂತ ತಂದ್ವಿ ಕಣಕ್ಕ" ಎಂದಳು ಆ ಮನೆಯ ಹೆಂಗಸು.

ನನ್ನ ಸೊಸೆ ಬೆರಳನ್ನು ಮೇಲಕ್ಕೆ ತೋರಿಸಿದಳು. ತಲೆಯ ಮೇಲೆ ಗೊನೆಗಳು ಜೋತಾಡುತ್ತಿದ್ದವು. ಬಂದವಳು ಒಂದು ಸುತ್ತು ನೋಡಿ, "ಇರ್ಲಿ ಬುಡವ್ವ, ನೋಡಕ್ಕೆ ಚೆನ್ನಾಗವೆ" ಎಂದಳು. ಆಮೇಲೆ ಮರದ ಬುಡ ನೋಡಿ ಎದೆ ಹಿಡಿದುಕೊಂಡಳು. "ಅಯ್ಯೋ ಅಕ್ಕ, ಒಂದು ಮರಕ್ಕೂ ಪಾತಿ ಇಲ್ವಲ್ಲ!"

ನಮ್ಮ ಕಡೆ ಮರದ ಸುತ್ತ ಪಾತಿ ಕಟ್ಟಿ ನೀರು ನಿಲ್ಲಿಸದಿದ್ದರೆ ಆ ಮನೆಗೆ ಹೆಣ್ಣು ಕೊಡಲೂ ಹಿಂದೆಮುಂದೆ ನೋಡುತ್ತಾರೆ. ಊರಿಗೆ ಹೋದವಳು ಅಣ್ಣನಿಗೆ ಏನು ಹೇಳಿರಬಹುದು? "ನಿಮ್ಮ ತಂಗಿ ಚೆನ್ನಾಗವ್ಳೆ. ಮರಗಳೇ ಪಾಪ, ಅನಾಥವಾಗವೆ."

ಪಾತಿ

ಆ ವಾರವೇ ಬೆಳಗ್ಗೆ ಅಣ್ಣ ಗೇಟಿನಲ್ಲಿ ನಿಂತಿದ್ದ. ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಬಾಯಿ ಕಟ್ಟಿದ ದಪ್ಪ ಚೀಲ. ಸೊಸೆ ಚೀಲ ಇಸಿದುಕೊಳ್ಳಲು ಹೋದಳು.

"ಮುಟ್ಬೇಡ ಕಣವ್ವ, ಮರಕ್ಕೆ ತಂದ ಬೇವಿನ ಹಿಂಡಿ. ವಾಸ್ನೆ."

"ನನ್ನ ನೋಡೋಕೆ ಉಳಿಯದೋನು ಮರ ನೋಡೋಕೆ ಬಂದ್ಯಾ?" ಎಂದೆ.

"ನಿಂಗೆ ಬಾಯಿ ಐತೆ, ಕೇಳ್ತೀಯ. ಮರಕ್ಕೆಲ್ಲೈತೆ?"

ಮಧ್ಯಾಹ್ನದೊಳಗೆ ಟೆಂಟುಗಳ ನಡುವಿನ ದೊಡ್ಡ ಮರಕ್ಕೆ ಚಂದದ ಪಾತಿ ಕಟ್ಟಿದ. ಬಾವಿಯಿಂದ ಕೊಡ ಹೊತ್ತು ಸುರಿದ. ಮರಳು ಗಟಗಟ ಕುಡಿಯಿತು. ಮತ್ತೆ ಸುರಿದ. ಮತ್ತೆ ಕುಡಿಯಿತು. ರಜೆಗೆ ಬಂದ ಮಕ್ಕಳು ಸಮುದ್ರ ಬಿಟ್ಟು ಸುತ್ತ ಬಂದು ಕೂತರು.

"ತಾತ, ಸಮುದ್ರದಿಂದ ನೀರು ತರೋಣ್ವಾ?"

"ಹೋಗ್ರಲಾ! ಆ ನೀರಿಗೆ ಬೇರು ಸುಟ್ಟೋಯ್ತದೆ."

ಬಸ್ಸಿನ ಹೊತ್ತಾಯಿತು. ಅಣ್ಣ ಕೊಡ ಕೆಳಗಿಡಲಿಲ್ಲ. "ಪಾತಿ ತುಂಬದೆ ಎದ್ದೋಗೋ ವಂಶ ಅಲ್ಲ ಕಣೇ ನಮ್ದು."

ಮಗ ನನ್ನ ಕಿವಿಯಲ್ಲಿ, "ಅಮ್ಮ, ಮರಳಲ್ಲಿ ನೀರು ನಿಲ್ಲಲ್ಲ ಅಂತ ಮಾವನಿಗೆ ಹೇಳ್ಬಿಡ್ಲಾ?" ಎಂದ.

"ಹೇಳಿದ್ರೆ ನಿಂಗೆ ಊಟ ಇಲ್ಲ" ಎಂದೆ.

ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದು ಹೊರಟೇ ಹೋಯಿತು. ಅಣ್ಣ ತಲೆ ಕೂಡ ಎತ್ತಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಪಾತಿಯಲ್ಲಿ ಮಾತ್ರ ನಿಲ್ಲಲಿಲ್ಲ. ಒಳಗೆ ಹೋಗಿ ಅತ್ತಿಗೆಗೆ ಫೋನ್ ಮಾಡಿದೆ.

"ಅತ್ತಿಗೆ, ಬೆಳಗ್ಗೆ ಬಸ್ಸಿಗೆ ಕಾಯ್ಬೇಡಿ. ಪಾಪ, ಮರಳಲ್ಲಿ ನೀರು ನಿಲ್ಲಲ್ಲ ಅಂತ ಅವನಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ನಾಳೆ ಆ ಹಿಂಡಿ ಹಾಕಿ ಹೊರಡ್ತಾನೆ."

ಆ ಕಡೆಯಿಂದ ಅತ್ತಿಗೆ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ.

"ಯಾವ ಹಿಂಡಿನೇ? ಆ ಚೀಲದಲ್ಲಿರೋದು ನಾನೇ ಒಗೆದು ಮಡಚಿಕೊಟ್ಟ ನಾಲ್ಕು ಜೊತೆ ಪಂಚೆ, ಶರ್ಟು ಕಣೇ!"