ಕನ್ಯೆ ನೋಡುವಾಗ ಬಂದ ನಿದ್ದೆ

ಚೇತನಕುಮಾರನ ನಿದ್ದೆ ಕೆಡಿಸಿದ್ದು ಮಲಗುವ ಕೋಣೆಯ ಫ್ಯಾನು. ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು. ಮುಂದಿನ ಟಿಕ್ ಯಾವಾಗ ಬಂದೀತೆಂದು ಈತ ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದ. ಹಾಗೆ ಕಾಯುತ್ತಲೇ ವಾರ ಕಳೆದು, ಬಬಲೇಶ್ವರಕ್ಕೆ ಕನ್ಯೆ ನೋಡಲು ಹೋಗುವ ದಿನ ಬಂದೇಬಿಟ್ಟಿತು. ಮೂವತ್ತೈದು ದಾಟಿದವನಿಗೆ ಈ ಸಂಬಂಧವೂ ತಪ್ಪಿದರೆ ಮುಂದೆ ದೇವರೇ ಗತಿ.

ನಿದ್ದೆಗೆಟ್ಟ ಮಿದುಳು ಮುಷ್ಕರ ಹೂಡಿತ್ತು. ಬೆಳಿಗ್ಗೆ ಹಲ್ಲಿಗೆ ಶೇವಿಂಗ್ ಕ್ರೀಮು ಹಚ್ಚಿಕೊಂಡ. ಗಾಡಿಯ ಕೀಲಿ ಫ್ರಿಜ್ಜಿನಲ್ಲಿ ಸಿಕ್ಕಿತು. ಕಣ್ಣುಗಳು ಒಣಮೆಣಸಿನಕಾಯಿಯಂತೆ ಕೆಂಪಾಗಿದ್ದವು. ಚಹಾಕ್ಕೆ ಸಕ್ಕರೆ ಕಡಿಮೆಯೆಂದು ತಾಯಿ ಲಕ್ಕವ್ವನ ಮೇಲೆ ಹರಿಹಾಯ್ದು, ಮರುಕ್ಷಣವೇ ಅತ್ತುಬಿಟ್ಟ.

ಅವರಿದ್ದ ಜಲನಗರದ ಓಣಿಯಲ್ಲಿ ಇಂಥ ಸುದ್ದಿ ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ. ಪಕ್ಕದ ಮನೆಯ ಆನಂದೀಬಾಯಿ ಲೋಟ ಹಿಡಿದೇ ಬಂದರು.

"ಜಾಜಿಕಾಯಿ ತೇಯ್ದ ಹಾಲು. ಕುಡಿಯೋ ಚೇತನ."

"ಕನ್ಯಾ ನೋಡಾಕ ಹೊಂಟೇನ್ರಿ ಕಾಕೂ, ಅಲ್ಲೇ ನಿದ್ದಿ ಬಂದ್ರ?"

"ಒಂದ ವಾರ ಬರಲಾರದ್ದು ಇವತ್ತ ಬರ್ತದೇನು? ತಲಿ ತಣ್ಣಗಾಗ್ತದ, ಕುಡಿ."

ಎದುರು ಮನೆಯ ಗುರುಬಸವ್ವ ಹಿಂದೆ ಬಿದ್ದಾಳೆಯೇ? ಆಕೆ ಗಸಗಸೆ ಪಾಯಸ ತಂದಳು. ಬೇಡವೆನ್ನುವ ತ್ರಾಣವಿಲ್ಲದೆ ಚೇತನಕುಮಾರ ಎರಡನ್ನೂ ಕುಡಿದ.

ಬಬಲೇಶ್ವರದಲ್ಲಿ ಕನ್ಯೆಯ ತಂದೆ ಬಸಗೊಂಡಪ್ಪ ವರನನ್ನು ಲೋಡುದಿಂಬಿಗೆ ಒರಗಿಸಿ ಕೂಡಿಸಿದರು. ಮಗಳು ಕಾವ್ಯಾ ಅವಲಕ್ಕಿ ತರುವಷ್ಟರಲ್ಲಿ ವರನ ತಲೆ ಲೋಡಿನಿಂದ ಜಾರಿ ಭಾವಿ ಮಾವನ ತೊಡೆ ಸೇರಿತ್ತು. ಜೊತೆಗೆ ಬಂದಿದ್ದ ಲಕ್ಕವ್ವ ಚಿವುಟಿದಳು. ಒಳಗೆ ಮಿಕ್ಸರ್ ತಿರುಗಿತು, ಹಿತ್ತಲಲ್ಲಿ ಎಮ್ಮೆ ಒದರಿತು, ಹಾಡು ಹಚ್ಚಿಕೊಂಡ ಟ್ರ್ಯಾಕ್ಟರ್ ಬಾಗಿಲ ಮುಂದೆಯೇ ಹಾದುಹೋಯಿತು. ಆಸಾಮಿ ಅಲುಗಲಿಲ್ಲ.

ಎಚ್ಚರವಾದಾಗ ಸಂಜೆಯಾಗಿತ್ತು. ಸಂಬಂಧ ಮಣ್ಣುಗೂಡಿತೆಂದು ಆತ ನಾಚಿಕೆಯಿಂದ ಕುಗ್ಗಿಹೋದ. ಆದರೆ ಬಸಗೊಂಡಪ್ಪ ನಗುತ್ತ ಬಂದು ಅವನ ಬಾಯಿಗೆ ಸಕ್ಕರೆ ಹಾಕಿದರು. ಆ ಕಡೆ ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಮುಗಿದಂತೆ, ಮುರಿಯುವ ಹಾಗಿಲ್ಲ.

"ಇಂಥಾ ವರಾನ ಹುಡುಕಾಕತ್ತಿದ್ವಿ ನೋಡ್ರಿ ಅಳಿಯಂದ್ರ!"

ಚೇತನಕುಮಾರನಿಗೆ ತಲೆಬುಡ ತಿಳಿಯಲಿಲ್ಲ. ಕಾವ್ಯಾಳೇ ಬಿಡಿಸಿ ಹೇಳಿದಳು.

"ನನಗ ಗೊರಕಿ ಭಾಳ ಅದ ರೀ. ಮುಚ್ಚಿಟ್ಟು ಲಗ್ನ ಆಗಂಗಿಲ್ಲಂತ ಬಂದವರಿಗೆಲ್ಲಾ ಹೇಳೀನಿ. ಎಲ್ಲಾರೂ ಓಡಿಹೋದ್ರು. ಇವತ್ತ ನಿಮ್ಮ ಅವ್ವಾರಿಗೂ ಹೇಳಿದ್ನಿ. ಅವರು, 'ಚಿಂತಿ ಬಿಡವಾ, ನನ್ನ ಮಗಾ ಹುಟ್ಟಿದಾಗಿಂದ ಹಿಂಗ ಮಲಗ್ತಾನ' ಅಂದ್ರು."

ಚೇತನಕುಮಾರ ತಾಯಿಯತ್ತ ನೋಡಿದ. ಲಕ್ಕವ್ವ ಗೋಡೆಯತ್ತ ನೋಡಿದಳು.

"ಗೊರಕಿ ಅಂದ್ರ... ಎಷ್ಟ ಜೋರು?"

"ಬೋರ್‌ವೆಲ್ ಹೊಡಸಾಕತ್ತೀರೇನಂತ ಓಣಿ ಮಂದಿ ಕೇಳಾಕ ಬರ್ತಾರ್ರಿ," ಎಂದರು ಬಸಗೊಂಡಪ್ಪ, ಹೆಮ್ಮೆಯಿಂದಲೇ.

ನಿಜ ಹೇಳಿಬಿಡೋಣವೆಂದು ಚೇತನಕುಮಾರ ಬಾಯಿ ತೆರೆದ. ಲಕ್ಕವ್ವ ಅದರೊಳಗೆ ಇನ್ನೊಂದು ಹಿಡಿ ಸಕ್ಕರೆ ತುರುಕಿದಳು.